ಸಾಕ್ಷಿಗೆ ಹೇಳಿಕೊಡಬಾರದ್ದು



ಕಳೆದ ತಿಂಗಳು ಸೂಳೆಕೆರೆ ಏರಿಯ ಕೆಳಗಿನ ಒಂದು ಹಳ್ಳಿಯಲ್ಲಿ ನಾವು ಐದಾರು ಹೆಂಗಸರು ಸಂಜೆ ಹೊತ್ತು ಜಗಲಿಯ ಮೇಲೆ ಕೂತಿದ್ದೆವು. ಆ ಮನೆಯ ಹುಡುಗಿ ಗಂಡನ ಮನೆ ಬಿಟ್ಟು ತವರಿಗೆ ಬಂದು ನಾಲ್ಕು ವರ್ಷವಾಗಿದೆ. ಮದುವೆಯಲ್ಲಿ ತನಗೆ ಹಾಕಿದ ಒಡವೆಗಳನ್ನು ವಾಪಸು ಕೊಡಿಸಬೇಕೆಂದು ಕೌಟುಂಬಿಕ ನ್ಯಾಯಾಲಯದಲ್ಲಿ ದಾವೆ ಹಾಕಿದ್ದಾಳೆ. ಮುಂದಿನ ವಾರ ವಾಯ್ದೆ. ಅವಳ ಸೋದರತ್ತೆ ಸಾಕ್ಷಿ ಹೇಳಬೇಕಾಗಿತ್ತು. ಅರವತ್ತೆಂಟರ ಹೆಂಗಸು, ಅಡಿಕೆ ಸುಲಿದು ಸುಲಿದು ಬೆರಳೆಲ್ಲ ಕಪ್ಪಾಗಿದೆ. ನಾನು ಚೀಲದಿಂದ ಕಾಗದ ತೆಗೆಯುವ ಮೊದಲೇ ಆಕೆ ಅಂದಳು: "ಮೇಡಂ, ನಾನು ಓದಿದೋಳಲ್ಲ. ಅಲ್ಲಿ ಏನ್ ಹೇಳ್ಬೇಕು ಅಂತ ಹೇಳ್ಕೊಟ್ಬಿಡ್ರಿ. ಸೋಬಾನೆ ಪದ ನೂರು ಬಾಯಿಪಾಠ ಐದಾವೆ, ಇದ್ಯಾವ ಮಹಾ?"

ಎಲ್ಲರೂ ನಕ್ಕರು. ನನಗೆ ನಗಲಾಗಲಿಲ್ಲ. ಯಾಕೆ ಎಂಬುದನ್ನು ಇಷ್ಟು ವರ್ಷ ನಮ್ಮ ಈ ಪುಟಗಳಲ್ಲಿ ಬರೆಯದೆ ತಪ್ಪಿಸಿಕೊಂಡಿದ್ದೆ. ಈ ಸಲ ಬರೆಯುತ್ತಿದ್ದೇನೆ.

ಹದಿನೈದು ವರ್ಷದ ಹಿಂದಿನ ಮಾತು. ನಾನಿನ್ನೂ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತಿದ್ದೆ. ಇದೇ ರೀತಿಯ ಒಂದು ದಾವೆ, ಇದೇ ರೀತಿಯ ಒಂದು ಹುಡುಗಿ. ಅವಳ ತಾಯಿಯನ್ನು ಸಾಕ್ಷಿಯಾಗಿ ತಯಾರು ಮಾಡುವ ಕೆಲಸವನ್ನು ನಮ್ಮ ಗುಂಪು ನನಗೆ ವಹಿಸಿತು. ಮೇಷ್ಟ್ರ ಕೆಲಸ ಮಾಡುವವಳಿಗೆ ಇನ್ನೇನು ಗೊತ್ತು? ನೂರು ಪುಟದ ನೋಟ್‌ಬುಕ್ ತೆಗೆದುಕೊಂಡು ಎಡಗಡೆ ಪ್ರಶ್ನೆ, ಬಲಗಡೆ ಉತ್ತರ ಬರೆದೆ. ನಾಲ್ಕು ಭಾನುವಾರ ಆ ತಾಯಿಗೆ ಹೇಳಿಸಿದೆ. ಆಗ ನಾವೆಲ್ಲ ಬೀದಿನಾಟಕದ ತಾಲೀಮಿನಲ್ಲಿ ಪಳಗಿದವರು. ಮಾತು ಮರೆತವಳಿಗೆ ಹಿಂದಿನಿಂದ ಎತ್ತಿಕೊಡುವುದು ನಮಗೆ ಸಹಜವಾಗಿತ್ತು. ಸಾಕ್ಷಿಕಟ್ಟೆಯೂ ಒಂದು ರಂಗಸ್ಥಳ ಎಂದುಕೊಂಡಿದ್ದೆವು.

ಆ ಉತ್ತರಗಳಲ್ಲಿ ಒಂದು ಹೀಗಿತ್ತು: "ನನ್ನ ಕಣ್ಣೆದುರಿಗೇ ಬೀಗಿತ್ತಿ ನನ್ನ ಮಗಳ ಮೈಮೇಲಿನ ಒಡವೆ ಬಿಚ್ಚಿಸಿಕೊಂಡರು." ಒಡವೆ ಬಿಚ್ಚಿಸಿಕೊಂಡದ್ದು ಸತ್ಯ. ಆದರೆ ತಾಯಿ ಅಲ್ಲಿರಲಿಲ್ಲ. ಮಗಳು ಅದೇ ರಾತ್ರಿ ಬರಿ ಕೊರಳಲ್ಲಿ ಬಂದು ಬಾಗಿಲು ಬಡಿದು ಹೇಳಿದ್ದನ್ನು ತಾಯಿ ಕೇಳಿದ್ದಳು. ನಡೆದದ್ದು ನಿಜ ತಾನೇ, ಕಂಡೆ ಎಂದರೆ ಏನು ಹೋಯಿತು ಎಂದು ನಾವು ನಮ್ಮನ್ನೇ ಸಮಾಧಾನ ಮಾಡಿಕೊಂಡೆವು. ಆ ವಾಕ್ಯ ಅಫಿಡವಿಟ್ಟಿಗೂ ಹೋಯಿತು.

ಪಾಟೀಸವಾಲಿನಲ್ಲಿ ಎದುರು ಪಕ್ಷದ ವಕೀಲರು ದನಿ ಎತ್ತರಿಸಲೇ ಇಲ್ಲ. "ಅವತ್ತು ಏನಾಯ್ತು, ಹೇಳಮ್ಮ" ಅಂದರು. ಆಕೆ ಹೇಳಿದಳು. "ಸರಿಯಾಗಿ ಕೇಳಿಸಲಿಲ್ಲ, ಇನ್ನೊಂದು ಸಲ." ಆಕೆ ಮತ್ತೆ ಹೇಳಿದಳು, ಅಕ್ಷರ ವ್ಯತ್ಯಾಸವಿಲ್ಲದೆ. ಮೂರನೆಯ ಸಲವೂ ಅದೇ. ಕೋರ್ಟಿನಲ್ಲಿ ಯಾರೋ ಕಿಸಕ್ಕೆಂದರು. ಆಮೇಲೆ ವಕೀಲರು ಮಾತು ಬದಲಿಸುವವರಂತೆ, ಆ ಸುಗ್ಗಿಯಲ್ಲಿ ಕೂಲಿ ಹೇಗಿತ್ತು, ಯಾರ ಮನೆಗೆ ಅಡಿಕೆ ಸುಲಿಯಲು ಹೋಗುತ್ತಿದ್ದೆ, ರಜೆ ಏನಾದರೂ ಮಾಡಿದ್ದುಂಟೆ ಎಂದು ವಿಚಾರಿಸಿದರು. "ಒಂದಿನಾನೂ ತಪ್ಪಿಸಿಲ್ಲ ಸ್ವಾಮಿ" ಎಂದು ಆಕೆ ಹೆಮ್ಮೆಯಿಂದ ಹೇಳಿದಳು. ಅಲ್ಲಿಗೆ ಮುಗಿಯಿತು. ಮಗಳ ಅಫಿಡವಿಟ್ಟೂ ತಾಯಿಯ ಅಫಿಡವಿಟ್ಟೂ ಸಾಲಿಗೆ ಸಾಲು ಒಂದೇ ಇದ್ದದ್ದರಿಂದ ಇಬ್ಬರ ಮಾತೂ ನಂಬತಕ್ಕದ್ದಲ್ಲ ಎಂದು ತೀರ್ಪಾಯಿತು. ಒಂದು ಸುಳ್ಳಾದರೆ ಎಲ್ಲವೂ ಸುಳ್ಳು ಎಂಬ ನಿಯಮ ನಮ್ಮ ದೇಶದ ನ್ಯಾಯಾಲಯಗಳಲ್ಲಿ ಇಲ್ಲ. ಕಾಳನ್ನೂ ಜೊಳ್ಳನ್ನೂ ಬೇರೆ ಮಾಡಬೇಕೆಂದು ಸುಪ್ರೀಂ ಕೋರ್ಟು ಹಲವು ಸಲ ಹೇಳಿದೆ. ಆದರೆ ಬೇರೆ ಮಾಡಲು ಕಾಳೇ ಸಿಗದ ಹಾಗೆ ನಾನು ಎರಡನ್ನೂ ಕಲಸಿಬಿಟ್ಟಿದ್ದೆ. ಆ ಹುಡುಗಿಗೆ ಒಡವೆ ಬರಲಿಲ್ಲ. ತಾಯಿಗೆ "ಸುಳ್ಳುಗಾತಿ" ಎಂಬ ಹೆಸರು ಊರಲ್ಲಿ ಉಳಿಯಿತು. ಸುಳ್ಳು ನನ್ನದಾಗಿತ್ತು.

ಆ ಸುಳ್ಳು ಬೇಕಾಗಿಯೂ ಇರಲಿಲ್ಲ ಎಂಬುದು ನನಗೆ ಆಮೇಲೆ ಗೊತ್ತಾಯಿತು. ತಾಯಿ ಕಂಡದ್ದೇ ಬೇಕಾದಷ್ಟಿತ್ತು. ಒಡವೆ ಕೊಂಡದ್ದು ಕಂಡಿದ್ದಳು, ಧಾರೆಯ ದಿನ ತಾನೇ ತೊಡಿಸಿದ್ದಳು, ಬರಿ ಕೊರಳಲ್ಲಿ ಬಂದ ಮಗಳಿಗೆ ಬಾಗಿಲು ತೆಗೆದಿದ್ದಳು. ಮಗಳು ಆಗಲೇ ಏನೆಂದಳು ಎಂಬುದನ್ನೂ ಹೇಳಬಹುದಿತ್ತು. ಘಟನೆ ನಡೆದ ಆಸುಪಾಸಿನಲ್ಲೇ ಆಡಿದ ಮಾತು ಆಡಿದವಳ ಸಾಕ್ಷ್ಯಕ್ಕೆ ಬಲ ಕೊಡುತ್ತದೆ ಎಂದು ಕಾಯಿದೆಯೇ ಒಪ್ಪುತ್ತದೆ. ಶಾಸನ ಯಾವುದು, ಐತಿಹ್ಯ ಯಾವುದು, ಸಮಕಾಲೀನ ದಾಖಲೆ ಯಾವುದು, ಆಮೇಲೆ ಕಟ್ಟಿದ ಕಥೆ ಯಾವುದು ಎಂದು ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವಳು, ಒಬ್ಬ ಹೆಂಗಸಿನ ಬದುಕಿನ ವಿಷಯ ಬಂದಾಗ ಅದನ್ನೆಲ್ಲ ಮರೆತಿದ್ದೆ.

ನಮ್ಮ ಚಳವಳಿಯ ಒಂದು ಕೊರತೆಯನ್ನೂ ಇಲ್ಲಿ ಹೇಳಬೇಕು. 1983ರಲ್ಲಿ 498-ಎ ಬಂತು, 1986ರಲ್ಲಿ 304-ಬಿ ಬಂತು. ಸುಟ್ಟು ಸತ್ತವರ ಪರವಾಗಿ ಮೆರವಣಿಗೆ ಮಾಡಿದೆವು, ಠಾಣೆಯ ಮುಂದೆ ಧರಣಿ ಕೂತೆವು, ಪಂಚನಾಮೆ ಓದುವುದನ್ನು ಕಲಿತೆವು. ಅದು ಬೇಕಾದದ್ದೇ. ಆದರೆ ಸಾಯದೆ ತವರಿಗೆ ಬಂದು ಕೂತ ಹೆಣ್ಣುಮಕ್ಕಳ ಸಂಖ್ಯೆಯೇ ದೊಡ್ಡದು. ಅವರಿಗೆ ಬೇಕಾದದ್ದು ಜೀವನಾಂಶ, ಒಡವೆ, ಇರಲು ಒಂದು ಸೂರು, ಮಗು. ಇವೆಲ್ಲ ಬಹುಮಟ್ಟಿಗೆ ಸಿವಿಲ್ ಸ್ವರೂಪದ ವ್ಯಾಜ್ಯಗಳು. ಅಲ್ಲಿ ಪೊಲೀಸರು ಸಾಕ್ಷ್ಯ ಕೂಡಿಹಾಕಿಕೊಡುವುದಿಲ್ಲ, ಸರ್ಕಾರಿ ವಕೀಲರಿರುವುದಿಲ್ಲ. ಅವಳೇ ಕೂಡಿಹಾಕಬೇಕು, ಅವಳೇ ಕಟ್ಟೆ ಹತ್ತಬೇಕು. ಸತ್ತವಳ ಪರವಾಗಿ ಮಾತಾಡಿ ಅಭ್ಯಾಸವಾದ ನಾವು ಬದುಕಿರುವವಳ ಪರವಾಗಿಯೂ ಮಾತಾಡಲು ಹೋದೆವು. ಅಲ್ಲಿಯೇ ಎಡವಿದ್ದು.

ಸಿವಿಲ್ ವ್ಯಾಜ್ಯದ ಅಳತೆಗೋಲು ಬೇರೆ ಎಂಬುದನ್ನು ಹಳ್ಳಿಗಳಲ್ಲಿ ಕೂಗಿ ಹೇಳಬೇಕಾಗಿದೆ. ಕೊಲೆ ಮೊಕದ್ದಮೆಯಲ್ಲಿ ಸಂದೇಹಕ್ಕೆ ಎಡೆಯಿಲ್ಲದಂತೆ ರುಜುವಾತಾಗಬೇಕು. ಒಡವೆಯ ದಾವೆಯಲ್ಲಿ ಹಾಗಲ್ಲ. ಎರಡು ಕಡೆಯ ಮಾತನ್ನು ತಕ್ಕಡಿಯಲ್ಲಿಟ್ಟಾಗ ಯಾವುದು ನಡೆದಿರುವುದು ಹೆಚ್ಚು ಸಂಭವ ಎಂದು ನೋಡಿದರೆ ಸಾಕು. ಇಷ್ಟೇ ಮಂದಿ ಸಾಕ್ಷಿಗಳಿರಬೇಕೆಂಬ ಲೆಕ್ಕವೂ ಇಲ್ಲ. 1872ರ ಸಾಕ್ಷ್ಯ ಕಾಯಿದೆಯಲ್ಲಿ ಅದು 134ನೆಯ ಕಲಮಾಗಿತ್ತು. 2024ರ ಜುಲೈ 1ರಿಂದ ಅದರ ಜಾಗಕ್ಕೆ ಬಂದಿರುವ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ 139ನೆಯದು. ಸಂಖ್ಯೆ ಬದಲಾಗಿದೆ, ಹುರುಳು ಅದೇ. ಅಂದಮೇಲೆ ಎಂಟು ಜನರಿಂದ "ಕಂಡೆ, ಕಂಡೆ" ಅನ್ನಿಸುವ ಹಟ ಯಾಕೆ?

ಕೇರಳದ ಒಬ್ಬ ಹೆಣ್ಣುಮಗಳ ಪ್ರಕರಣವನ್ನು ನಾನು ಈಗ ಎಲ್ಲ ಸಭೆಗಳಲ್ಲೂ ಹೇಳುತ್ತೇನೆ. 2003ರಲ್ಲಿ ಮದುವೆ, ತವರಿನವರು ಹಾಕಿದ್ದು 89 ಪವನು ಚಿನ್ನ. ಮೊದಲ ರಾತ್ರಿಯೇ ಗಂಡ ಜೋಪಾನದ ನೆಪದಲ್ಲಿ ಒಡವೆಯನ್ನು ತೆಗೆದುಕೊಂಡು ತನ್ನ ತಾಯಿಯ ಕೈಗೆ ಕೊಟ್ಟ, ಆಮೇಲೆ ಅದು ಅವರ ಹಳೆಯ ಸಾಲಕ್ಕೆ ಹೋಯಿತು ಎಂಬುದು ಅವಳ ಹೇಳಿಕೆ. ಕೌಟುಂಬಿಕ ನ್ಯಾಯಾಲಯ 2011ರಲ್ಲಿ ನಂಬಿತು. ಹೈಕೋರ್ಟು 2022ರಲ್ಲಿ ಸಾಲದು ಎಂದಿತು. ಸುಪ್ರೀಂ ಕೋರ್ಟು 2024ರ ಏಪ್ರಿಲ್ 24ರಂದು ಅವಳ ಪರವಾಗಿ ತೀರ್ಪು ಕೊಟ್ಟು, ಇದು ಸಿವಿಲ್ ವಿವಾದ, ಸಂಭವನೀಯತೆಯ ಅಳತೆಗೋಲೇ ಇಲ್ಲಿ ಸಲ್ಲತಕ್ಕದ್ದು ಎಂದು ಹೇಳಿ, ಇಪ್ಪತ್ತೈದು ಲಕ್ಷ ರೂಪಾಯಿ ಕೊಡಿಸಿತು. ಮದುವೆಯಾಗಿ ಇಪ್ಪತ್ತೊಂದು ವರ್ಷಕ್ಕೆ. ಆ ರಾತ್ರಿಯ ಕೋಣೆಯಲ್ಲಿ ಮೂರನೆಯ ಸಾಕ್ಷಿ ಎಲ್ಲಿಂದ ಬರಬೇಕು? ಹೊಸ ಹೆಂಡತಿ ಒಡವೆಯನ್ನು ಗಂಡನ ಕೈಗೆ ಕೊಡುವಾಗ ರಸೀದಿ ಕೇಳುತ್ತಾಳೆಯೆ? ಸ್ತ್ರೀಧನ ಹೆಂಡತಿಯ ಪೂರ್ಣ ಸ್ವತ್ತು, ಗಂಡನ ಮನೆಯಲ್ಲಿಟ್ಟ ಮಾತ್ರಕ್ಕೆ ಅವರದಾಗುವುದಿಲ್ಲ ಎಂದು ಅದೇ ಸುಪ್ರೀಂ ಕೋರ್ಟು 1985ರಲ್ಲೇ ಹೇಳಿತ್ತು.

ಅಫಿಡವಿಟ್ಟಿನ ವಿಷಯಕ್ಕೆ ಬರುತ್ತೇನೆ. ನಮ್ಮ ಹೆಣ್ಣುಮಕ್ಕಳು ಸೋಲುವುದು ಹೆಚ್ಚಾಗಿ ಇಲ್ಲಿಯೇ ಎಂಬುದು ನನ್ನ ಅನುಭವ. ಮೊದಲು ಸಾಕ್ಷಿಯ ಮುಖ್ಯ ವಿಚಾರಣೆ ಬಾಯಿಮಾತಿನಲ್ಲಿ ನಡೆಯುತ್ತಿತ್ತು. ತನ್ನ ವಕೀಲರು ಕೇಳುತ್ತಿದ್ದರು, ಅವಳು ಹೇಳುತ್ತಿದ್ದಳು, ಪಾಟೀಸವಾಲು ಬರುವಷ್ಟರಲ್ಲಿ ಅವಳಿಗೆ ಕೋರ್ಟಿನ ಗಾಳಿ ಸ್ವಲ್ಪ ಒಗ್ಗಿರುತ್ತಿತ್ತು. ಸಿವಿಲ್ ಪ್ರಕ್ರಿಯಾ ಸಂಹಿತೆಗೆ ಆದ ತಿದ್ದುಪಡಿಯಿಂದ 2002ರ ಜುಲೈ 1ರ ನಂತರ ಮುಖ್ಯ ವಿಚಾರಣೆ ಅಫಿಡವಿಟ್ಟಿನ ರೂಪದಲ್ಲಿ ಬರುತ್ತದೆ. ಕಾಲ ಉಳಿಯಲೆಂದು ಮಾಡಿದ್ದು. ಫಲವೇನೆಂದರೆ, ಅವಳು ಬಾಯಿ ಬಿಡುವ ಮೊದಲ ಮಾತೇ ಎದುರು ವಕೀಲರ ಪ್ರಶ್ನೆಗೆ ಉತ್ತರ. ಅಷ್ಟು ಹೊತ್ತಿಗೆ ಅವಳ ಹೆಸರಿನಲ್ಲಿ ಆರು ಪುಟ ಟೈಪಾಗಿ, ಕೆಳಗೆ ಅವಳ ರುಜುವೋ ಹೆಬ್ಬೆಟ್ಟೋ ಬಿದ್ದಿರುತ್ತದೆ.

ಆ ಆರು ಪುಟದ ಕನ್ನಡ ಯಾರದು? "ಎದುರುದಾರನು ಸದರಿ ಅರ್ಜಿದಾರಳಿಗೆ ಮಾನಸಿಕವಾಗಿಯೂ ದೈಹಿಕವಾಗಿಯೂ ಅಮಾನುಷ ಹಿಂಸೆ ನೀಡಿರುತ್ತಾನೆ." ಹೀಗೆ ಮಾತಾಡುವ ಹೆಂಗಸನ್ನು ನಾನು ಚನ್ನಗಿರಿ ಸೀಮೆಯಲ್ಲಿ ಕಂಡಿಲ್ಲ, ಹೊನ್ನಾಳಿ ಸೀಮೆಯಲ್ಲೂ ಕಂಡಿಲ್ಲ. ಎದುರು ವಕೀಲರು ಕೇಳುವ ಮೊದಲ ಪ್ರಶ್ನೆ: "ಅಮಾನುಷ ಅಂದ್ರೇನಮ್ಮ?" ಅವಳು ತಬ್ಬಿಬ್ಬಾಗುತ್ತಾಳೆ. "ಇದರಲ್ಲಿ ಏನು ಬರೆದಿದೆ ಅಂತ ನಿನಗೆ ಗೊತ್ತಿಲ್ಲ, ಅಲ್ಲವಾ?" "ಗೊತ್ತಿಲ್ಲ ಸ್ವಾಮಿ." ಒಮ್ಮೆ ನಾನು ಓದಿದ ಅಫಿಡವಿಟ್ಟಿನಲ್ಲಿ ಮಕ್ಕಳಿಲ್ಲದ ಹೆಂಗಸಿಗೆ ನಾಲ್ಕು ವರ್ಷದ ಮಗನಿದ್ದ, ಕಂಪ್ಯೂಟರಿನಲ್ಲಿದ್ದ ಹಿಂದಿನ ಕೇಸಿನ ಪ್ಯಾರಾ ಅಲ್ಲಿಯೇ ಉಳಿದಿತ್ತು. ವಕೀಲರನ್ನು ಬೈಯಲು ಇದನ್ನು ಬರೆಯುತ್ತಿಲ್ಲ. ಅವರಿಗೆ ದಿನಕ್ಕೆ ಹತ್ತಾರು ಕೇಸು. ಆದರೆ ಓದಿ ಹೇಳುವುದಕ್ಕೆ ನಮಗೆ ಪುರುಸೊತ್ತಿದೆ.

ಆದ್ದರಿಂದ ನಾವು ಈಗ ಮಾಡುವುದು ಇಷ್ಟು. ವಕೀಲರ ಬಳಿ ಹೋಗುವ ಮೊದಲು ಅವಳ ಜೊತೆ ಕೂತು, ಅವಳು ಹೇಳಿದ್ದನ್ನು ಅವಳ ಮಾತಿನಲ್ಲೇ ಬರೆದುಕೊಳ್ಳುತ್ತೇವೆ. "ನೀನು ಕಂಡದ್ದೋ, ಯಾರಾದರೂ ಹೇಳಿದ್ದೋ?" ಎಂದು ಪ್ರತಿ ಸಂಗತಿಗೂ ಕೇಳುತ್ತೇವೆ. "ಹಿಂಸೆ ಕೊಟ್ಟರು" ಎಂಬುದನ್ನು ಬರೆದುಕೊಳ್ಳುವುದಿಲ್ಲ. ಏನು ಮಾಡಿದರು ಎಂದು ಕೇಳುತ್ತೇವೆ. "ಉಂಡ ತಟ್ಟೆ ಕಸಕಂಡು ನಾಯಿಗೆ ಹಾಕಿದ್ರು" ಎಂದು ಒಬ್ಬಳು ಹೇಳಿದಳು. ಆ ವಾಕ್ಯಕ್ಕೆ ಪಾಟೀಸವಾಲು ಮಾಡುವುದು ಕಷ್ಟ. ಟೈಪಾದ ಮೇಲೆ ರುಜುವಿಗೆ ಮೊದಲು ಗಟ್ಟಿಯಾಗಿ ಓದುತ್ತೇವೆ. ಅವಳು "ಇದು ನಂಗೊತ್ತಿಲ್ಲ" ಎಂದ ಕಡೆ ತೆಗೆಸುತ್ತೇವೆ. ಕೆಲವು ವಕೀಲರು ಮುಖ ಗಂಟಿಕ್ಕುತ್ತಾರೆ, ಕೆಲವರು ತಾವೇ ಕುರ್ಚಿ ಎಳೆದು ಕೂರುತ್ತಾರೆ.

ತಾರೀಖಿನ ಕಾಟ ಇನ್ನೊಂದು. ನಮ್ಮ ಹೆಂಗಸರ ಪಂಚಾಂಗದಲ್ಲಿ ಇಂಗ್ಲಿಷ್ ತಿಂಗಳಿಲ್ಲ. ಕಾರಹುಣ್ಣಿಮೆ ಇದೆ, ತರಳಬಾಳು ಹುಣ್ಣಿಮೆ ಇದೆ, ಅಡಿಕೆ ಕೊನೆ ಇಳಿಸುವ ಕಾಲ ಇದೆ, ಕೆರೆ ಕೋಡಿ ಬಿದ್ದ ವರ್ಷ ಇದೆ. ಅಫಿಡವಿಟ್ಟಿನಲ್ಲಿ ಮಾತ್ರ ದಿನ, ತಿಂಗಳು, ಇಸವಿ ಖಚಿತವಾಗಿ ಕೂತಿರುತ್ತವೆ. ಗೊತ್ತಿಲ್ಲದ ತಾರೀಖನ್ನು ಬರೆಯುವುದಕ್ಕಿಂತ "ಅಡಿಕೆ ಕೊಯ್ಲಿನ ಸಮಯ, ಚೊಚ್ಚಲ ಬಸುರಿಗೆ ಐದು ತಿಂಗಳು" ಎಂದು ಬರೆಯುವುದು ಮೇಲು. ಮಗುವಿನ ಜನನ ಪತ್ರದಿಂದ ಉಳಿದದ್ದನ್ನು ನ್ಯಾಯಾಧೀಶರೇ ಲೆಕ್ಕ ಹಾಕಿಕೊಳ್ಳಬಹುದು.

ಇನ್ನು ಕಾಗದಗಳು. ಮದುವೆಯಲ್ಲಿ ಕೊಟ್ಟ ಉಡುಗೊರೆಗಳ ಪಟ್ಟಿಯನ್ನು ಬರೆದು, ವಧೂವರರು ರುಜು ಹಾಕಿ ಇಟ್ಟುಕೊಳ್ಳಬೇಕೆಂದು 1985ರಲ್ಲೇ ನಿಯಮವಾಗಿದೆ. ಈ ಪಟ್ಟಿ ಇಟ್ಟ ಒಂದು ಮದುವೆಯನ್ನೂ ನಾನು ನೋಡಿಲ್ಲ. ಆದರೆ ಕಾನೂನು ಕೇಳದಿದ್ದರೂ ನಮ್ಮ ಜನ ಬರೆಯುವ ಒಂದು ಪುಸ್ತಕವಿದೆ: ಮುಯ್ಯಿ ಪುಸ್ತಕ. ಚಪ್ಪರದ ಬಾಗಿಲಲ್ಲಿ ಮೇಜು ಹಾಕಿಕೊಂಡು ಯಾರೋ ಅಕ್ಷರಸ್ಥ ನೆಂಟ ಬರೆದದ್ದು. ಯಾರು ಎಷ್ಟು ಕೊಟ್ಟರು, ಯಾರು ಉಂಗುರ ತಂದರು, ಸೋದರಮಾವ ಏನು ಹಾಕಿದ. ಮುಂದೆ ತೀರಿಸಬೇಕಾದ ಸಾಲವೆಂದು ಬರೆದ ಪುಸ್ತಕ, ವ್ಯಾಜ್ಯದ ಕನಸೂ ಇಲ್ಲದ ದಿನ ಬರೆದದ್ದು. ಇತಿಹಾಸದವಳಾಗಿ ಹೇಳುತ್ತೇನೆ, ಇದಕ್ಕಿಂತ ಒಳ್ಳೆಯ ಸಮಕಾಲೀನ ದಾಖಲೆ ಸಿಗುವುದು ಕಷ್ಟ. ಬರೆದವನು ಅದನ್ನು ನೋಡಿ ನೆನಪು ಮಾಡಿಕೊಂಡು ಸಾಕ್ಷಿ ಹೇಳಲು ಕಾಯಿದೆ ಅವಕಾಶ ಕೊಡುತ್ತದೆ. ಚಿನ್ನದಂಗಡಿಯ ಬಿಲ್ಲು, ಆ ವರ್ಷ ಅಡಿಕೆ ಮಾರಿದ ಮಂಡಿಯ ಲೆಕ್ಕದ ಚೀಟಿ, ಧಾರೆಯ ಫೋಟೋ, ಇವೆಲ್ಲ ಟ್ರಂಕಿನ ತಳದಲ್ಲಿರುತ್ತವೆ. ಶಿಶು ಅಭಿವೃದ್ಧಿ ಯೋಜನಾಧಿಕಾರಿಯ ಬಳಿ ದೂರು ಕೊಟ್ಟಿದ್ದರೆ ಅಲ್ಲಿ ಬರೆಸಿದ ಗೃಹ ಘಟನಾ ವರದಿಯ ಪ್ರತಿಯನ್ನು ಬಿಡಬಾರದು. ಆಗ ಹೇಳಿದ್ದಕ್ಕೂ ಈಗ ಹೇಳುವುದಕ್ಕೂ ಹೊಂದಿಕೆ ನೋಡುವುದು ಎದುರು ವಕೀಲರ ಮೊದಲ ಕೆಲಸ. ಮೊಬೈಲಿನ ಸಂದೇಶ, ಧ್ವನಿಮುದ್ರಣಗಳಿಗೆ ಹೊಸ ಕಾಯಿದೆಯ 63ನೆಯ ಕಲಮಿನ ಪ್ರಮಾಣಪತ್ರ ಬೇಕು. ಫೋನು ಬದಲಿಸುವ ಮೊದಲು ವಕೀಲರನ್ನು ಕೇಳಿ. ಗಂಡ ಹೆಂಡಿರ ನಡುವಿನ ವ್ಯಾಜ್ಯದಲ್ಲಿ ಗುಟ್ಟಾಗಿ ಮಾಡಿದ ಧ್ವನಿಮುದ್ರಣವನ್ನೂ ಸಾಕ್ಷ್ಯವಾಗಿ ಪರಿಗಣಿಸಬಹುದು ಎಂದು 2025ರ ಜುಲೈ 14ರಂದು ಸುಪ್ರೀಂ ಕೋರ್ಟು ಹೇಳಿದೆ. ಇದು ನಮಗೆ ಒದಗುವಷ್ಟೇ ನಮ್ಮ ವಿರುದ್ಧವೂ ಒದಗುತ್ತದೆ ಎಂದು ನನ್ನ ಅಳುಕು.

ಕೌಟುಂಬಿಕ ನ್ಯಾಯಾಲಯದಲ್ಲಿ ಇನ್ನೂ ಒಂದು ಅನುಕೂಲವಿದೆ, ಹೆಚ್ಚಿನವರಿಗೆ ತಿಳಿದಿಲ್ಲ. 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯಿದೆಯ 14ನೆಯ ಕಲಮಿನ ಪ್ರಕಾರ, ವ್ಯಾಜ್ಯ ತೀರಿಸಲು ನೆರವಾಗುತ್ತದೆ ಎನಿಸಿದ ಯಾವುದೇ ಹೇಳಿಕೆಯನ್ನು, ಕಾಗದವನ್ನು, ಸಾಕ್ಷ್ಯ ಕಾಯಿದೆಯ ಕಟ್ಟುಪಾಡನ್ನು ಬದಿಗಿಟ್ಟು ನ್ಯಾಯಾಧೀಶರು ತೆಗೆದುಕೊಳ್ಳಬಹುದು. ಯಾವುದೇ ಪಕ್ಷದವರು ಬಯಸಿದರೆ ವಿಚಾರಣೆ ಬಾಗಿಲು ಹಾಕಿ ನಡೆಯಬೇಕೆಂದು 11ನೆಯ ಕಲಮು ಹೇಳುತ್ತದೆ. ಹಾಸಿಗೆಯ ಮಾತನ್ನು ಊರ ಗಂಡಸರ ಮುಂದೆ ಹೇಳಬೇಕಲ್ಲ ಎಂದೇ ಎಷ್ಟೋ ಹೆಣ್ಣುಮಕ್ಕಳು ಹೇಳಬೇಕಾದ್ದನ್ನು ನುಂಗಿದ್ದಾರೆ. ಬಾಯಿಬಿಟ್ಟು ಕೇಳಿಕೊಳ್ಳಬೇಕು, ಅಷ್ಟೆ.

ಜಗಲಿಯ ಮೇಲೆ ಅವತ್ತು ನಾನು ಸೋದರತ್ತೆಗೆ ಮೊದಲು ಹೇಳಿದ್ದು ಕೋರ್ಟಿನ ಕನ್ನಡದ ಒಂದು ಬಲೆಯ ಬಗ್ಗೆ. ಅಲ್ಲಿ ಪ್ರಶ್ನೆಯನ್ನೇ ಸಾಕ್ಷಿಯ ಉತ್ತರವಾಗಿ ಬರೆಯುತ್ತಾರೆ: "ನಾನು ಸುಳ್ಳು ಹೇಳುತ್ತಿದ್ದೇನೆ ಎಂದರೆ ಸರಿಯಲ್ಲ", "ಒಡವೆಯನ್ನು ನಾವೇ ಮಾರಿಕೊಂಡಿದ್ದೇವೆ ಎಂದರೆ ಸರಿಯಲ್ಲ." ವಕೀಲರು "ನೀನು ಮದುವೆಗೆ ಹೋಗೇ ಇಲ್ಲ, ಸರಿಯಾ?" ಎಂದು ಕೇಳುತ್ತಾರೆ. ನಮ್ಮ ಹೆಂಗಸು "ಹೂಂ, ಹೋಗಿದ್ದೆ" ಎನ್ನಲು ಬಾಯಿ ತೆರೆದು "ಹೂಂ" ಅನ್ನುವಷ್ಟರಲ್ಲಿ ಟೈಪಾಗಿರುತ್ತದೆ. ಆದ್ದರಿಂದ ಬರಿಯ ಹೂಂ, ಊಹೂಂ ಬೇಡ. "ಹೋಗಿದ್ದೆ", "ಕಂಡಿದ್ದೆ" ಎಂದು ಪೂರ್ತಿ ಮಾತು ಬರಲಿ. ಪ್ರಶ್ನೆ ತಿಳಿಯದಿದ್ದರೆ ತಿಳಿಯಲಿಲ್ಲ ಎನ್ನಲಿ. ರುಜು ಹಾಕುವ ಮೊದಲು ಬರೆದದ್ದನ್ನು ಓದಿ ಹೇಳಿ ಎಂದು ಕೇಳಲಿ, ತಪ್ಪಿದ್ದರೆ ಆಗಲೇ ಹೇಳಲಿ. ಅವಮಾನ ಮಾಡಲೆಂದೇ ಕೇಳಿದ ಪ್ರಶ್ನೆಯನ್ನು ನ್ಯಾಯಾಧೀಶರು ತಡೆಯಬೇಕೆಂದು ಕಾಯಿದೆಯಲ್ಲಿದೆ. ನಮ್ಮ ವಕೀಲರು ಎದ್ದು ನಿಂತು ಹೇಳಬೇಕಾದ ಮಾತು ಅದು, ಸಾಕ್ಷಿ ಜಗಳಕ್ಕೆ ನಿಲ್ಲಬೇಕಾಗಿಲ್ಲ. ತಾಂಡಾಗಳ ಹೆಂಗಸರು ಲಂಬಾಣಿಯಲ್ಲಿ ಹೇಳುತ್ತೇವೆ, ದುಭಾಷಿ ಬೇಕು ಎಂದು ಕೇಳಬಹುದು. ಒಡೆದ ಕನ್ನಡದಲ್ಲಿ ಉತ್ತರ ಕೊಟ್ಟು ಅರ್ಥ ಉಲ್ಟಾ ಆದದ್ದನ್ನು ನಾನು ಕಂಡಿದ್ದೇನೆ.

ಇಷ್ಟು ಹೇಳಿದರೆ ಅದು ತಯಾರಿ. ಇದರಾಚೆ ಹೋದರೆ ಬಾಯಿಪಾಠ. ಗೆರೆ ಎಲ್ಲಿದೆ ಎಂಬುದರ ಬಗ್ಗೆ ಬೇರೆ ದೇಶಗಳಲ್ಲೂ ಒಮ್ಮತವಿಲ್ಲ. ಅಮೆರಿಕದಲ್ಲಿ ವಕೀಲರು ಸಾಕ್ಷಿಯನ್ನು ಕೂರಿಸಿಕೊಂಡು ಪಾಟೀಸವಾಲಿನ ತಾಲೀಮನ್ನೇ ನಡೆಸುತ್ತಾರೆ. ಇಂಗ್ಲೆಂಡಿನಲ್ಲಿ ಬ್ಯಾರಿಸ್ಟರು ಹಾಗೆ ಮಾಡುವಂತಿಲ್ಲ. ಅಲ್ಲಿಯ ಮೇಲ್ಮನವಿ ನ್ಯಾಯಾಲಯ 2005ರಲ್ಲಿ ಒಂದು ಕ್ರಿಮಿನಲ್ ಪ್ರಕರಣದಲ್ಲಿ, ಸಾಕ್ಷಿಗೆ ಕೋರ್ಟಿನ ಪರಿಚಯ ಮಾಡಿಕೊಡಬಹುದು, ಸಾಕ್ಷ್ಯವನ್ನು ಕಲಿಸಬಾರದು ಎಂದು ಬೇರ್ಪಡಿಸಿ ಹೇಳಿತು. ನಾನು ಸುಟ್ಟುಕೊಂಡು ಕಲಿತದ್ದು ಅದೇ ಆದ್ದರಿಂದ ನಮ್ಮ ಗುಂಪು ಆ ಕಡೆಗೇ ನಿಂತಿದೆ. ವಾಯ್ದೆಗೆ ಮೊದಲು ಒಂದು ದಿನ ಸಾಕ್ಷಿಯನ್ನು ಕರೆದುಕೊಂಡು ಹೋಗಿ ಬೇರೆ ಯಾರದಾದರೂ ತೆರೆದ ವಿಚಾರಣೆ ತೋರಿಸಿಕೊಂಡು ಬರುತ್ತೇವೆ. ಅರ್ಧ ಭಯ ಅಲ್ಲಿಯೇ ಇಳಿಯುತ್ತದೆ.

ಆದರೆ ಅವತ್ತು ಜಗಲಿಯ ಮೇಲೆ ಹುಡುಗಿಯ ತಾಯಿಗೆ ನನ್ನ ಮಾತು ಹಿಡಿಸಲಿಲ್ಲ. ಬೀಗಿತ್ತಿ ಬೀರುವಿನಲ್ಲಿ ಒಡವೆ ಇಟ್ಟು ಬೀಗ ಹಾಕಿದ್ದನ್ನು ಸೋದರತ್ತೆ "ಕಂಡೆ" ಅನ್ನಬೇಕು ಎಂಬುದು ಆಕೆಯ ಹಟ. "ಅವ್ರು ಹತ್ತು ಸುಳ್ಳು ಹೇಳ್ತಾರೆ ಮೇಡಂ. ಒಡವೇನೇ ಹಾಕಿಲ್ಲ ಅಂತಾರೆ. ನಾವು ಒಂದು ಹೇಳಬಾರದಾ? ನಿಮಗೇನು, ನೀತಿ ಹೇಳಿ ಎದ್ದು ಹೋಗ್ತೀರಿ. ನನ್ನ ಮಗಳು ಇಲ್ಲೇ ಕೂತಿರ್ತಾಳೆ."

ಇದಕ್ಕೆ ನನ್ನ ಬಳಿ ಸಿದ್ಧ ಉತ್ತರವಿರಲಿಲ್ಲ. ಆಕೆಯ ಮಾತಿನಲ್ಲಿ ಅನ್ಯಾಯವೇನೂ ಇಲ್ಲ. ನೋವನ್ನು ನೋವೆಂದೇ ಕೇಳುವ ಜಾಗ ಬೇರೆ ಇದೆ. 2009ರ ಜುಲೈಯಲ್ಲಿ ಬೆಂಗಳೂರಿನಲ್ಲಿ ವಿಮೋಚನಾ ಮತ್ತಿತರ ಸಂಘಟನೆಗಳು 'ಡಾಟರ್ಸ್ ಆಫ್ ಫೈರ್' ಎಂಬ ಹೆಸರಿನಲ್ಲಿ ವರದಕ್ಷಿಣೆ ಕುರಿತ ಮಹಿಳಾ ನ್ಯಾಯಾಲಯ ನಡೆಸಿದ್ದು ಹಲವರಿಗೆ ನೆನಪಿರಬಹುದು. ಅಂಥಲ್ಲಿ ಪಾಟೀಸವಾಲಿಲ್ಲ, ಹೆಣ್ಣು ಹೇಳಿದ್ದನ್ನು ಕೇಳುವುದೇ ನ್ಯಾಯದ ಒಂದು ಭಾಗ. ಆದರೆ ಅಂಥ ಸಭೆ ಒಡವೆಗೆ ಡಿಕ್ರಿ ಕೊಡಲಾರದು. ಡಿಕ್ರಿ ಕೊಡುವ ಜಾಗದಲ್ಲಿ ಆಕೆಯ ಒಂದು ಸುಳ್ಳನ್ನು ಹುಡುಕುವುದೇ ಕಸುಬಾದ ಒಬ್ಬರು ಎದುರಿಗಿರುತ್ತಾರೆ. ಅವರ ಹತ್ತು ಸುಳ್ಳನ್ನು ನಮ್ಮ ವಕೀಲರು ಪಾಟೀಸವಾಲಿನಲ್ಲಿ ಒಡೆಯಬಹುದು, ನಮ್ಮದೊಂದು ಇದ್ದರೆ ನಾವು ತಡಬಡಾಯಿಸುತ್ತೇವೆ. ಹೀಗೆಂದು ಹೇಳಿದೆ. ಆಮೇಲೆ ಹದಿನೈದು ವರ್ಷದ ಹಿಂದಿನ ಆ ತಾಯಿಯ ಕಥೆಯನ್ನೂ ಹೇಳಿದೆ, ನೋಟ್‌ಬುಕ್ ಯಾರದು ಎಂಬುದನ್ನೂ ಸೇರಿಸಿ. ಆಕೆ ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದಳು. ಒಪ್ಪಿದಳೋ ಇಲ್ಲವೋ ತಿಳಿಯಲಿಲ್ಲ. ತಂದೆಗೆ ಇನ್ನೊಂದು ಹೆದರಿಕೆ ಇತ್ತು: ವರದಕ್ಷಿಣೆ ಕೊಟ್ಟೆ ಎಂದರೆ ಕೊಟ್ಟವನೂ ಅಪರಾಧಿ ತಾನೇ? 1961ರ ಕಾಯಿದೆಯಲ್ಲಿ ಕೊಡುವುದೂ ಅಪರಾಧವೇ. ಆದರೆ ನೊಂದವರು ಕೊಟ್ಟ ಹೇಳಿಕೆಯಿಂದ ಅವರ ಮೇಲೆಯೇ ಆ ಕಾಯಿದೆಯಡಿ ಮೊಕದ್ದಮೆ ಹೂಡುವಂತಿಲ್ಲ ಎಂದು 7ನೆಯ ಕಲಮಿನಲ್ಲಿದೆ. ಮಗಳಿಗೆ ಹಾಕಿದ ಒಡವೆ ಬೇರೆ, ಅಳಿಯ ಕೇಳಿ ಪಡೆದ ನಗದು ಬೇರೆ. ಎರಡನ್ನೂ ಬೆರೆಸದೆ ಹೇಳಿ, ಉಳಿದದ್ದನ್ನು ವಕೀಲರ ಬಳಿ ಬಾಯಿಬಿಟ್ಟು ಕೇಳಿ ಎಂದೆ.

ಮಾತು ಅಷ್ಟಕ್ಕೆ ನಿಂತಾಗ ಎದುರಿಗೆ ಏರಿ ಕಾಣುತ್ತಿತ್ತು. ಶಾಂತವ್ವ ಕೆರೆ ಕಟ್ಟಿಸಲು ಬಂದಾಗ ಈ ಜಾಗ ಇಲ್ಲಿಯ ಸೂಳೆಯರದಾಗಿತ್ತಂತೆ. ಕೆರೆಗೆ ನಮ್ಮ ಹೆಸರಿಡುವುದಾದರೆ ಬಿಡುತ್ತೇವೆ ಎಂದರಂತೆ. ಇದು ಜನ ಹೇಳುವ ಕಥೆ, ಶಾಸನವಲ್ಲ. ಈಗ ಫಲಕಗಳಲ್ಲಿ ಶಾಂತಿಸಾಗರ ಎಂದಿದೆ. ಮರ್ಯಾದಸ್ಥರಿಗೆ ಆ ಹೆಸರು ಮುಜುಗರ. ಜನರ ಬಾಯಲ್ಲಿ ಮಾತ್ರ ಸೂಳೆಕೆರೆಯೇ. ಕೊಟ್ಟವರ ಕರಾರಿಗೆ ಕಾಗದವಿಲ್ಲ, ಆ ಹೆಸರೊಂದೇ ಉಳಿದಿರುವುದು. ಅವತ್ತು ಸೋದರತ್ತೆಯೇ ಆ ಕಥೆ ತೆಗೆದಳು. ಹೇಳಿ ಮುಗಿಸಿ, "ಇದು ನಾನು ಕಂಡಿದ್ದಲ್ಲ ಮೇಡಂ, ನಮ್ಮವ್ವ ಹೇಳಿದ್ದು" ಅಂದಳು. ಪಾಠ ಇಷ್ಟು ಬೇಗ ತಲೆಗೆ ಹೋದ ವಿದ್ಯಾರ್ಥಿ ನನಗೆ ಕಾಲೇಜಿನಲ್ಲಿ ಸಿಕ್ಕಿರಲಿಲ್ಲ.

ವಾಯ್ದೆಯ ದಿನ ಮುಯ್ಯಿ ಪುಸ್ತಕವನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಕೊಂಡು ಬೆಳಗಿನ ಬಸ್ಸಿಗೇ ಹೋದೆವು. ಖಾಸಗಿ ಬಸ್ಸು, ಹೆಂಗಸರಿಗೆ ಬಿಟ್ಟಿಯಿಲ್ಲ. ಮಧ್ಯಾಹ್ನ ಮೂರರವರೆಗೆ ಕಾರಿಡಾರಿನಲ್ಲಿ ಕೂತೆವು. ಎದುರು ಪಕ್ಷದ ವಕೀಲರು ಬರಲಿಲ್ಲ. ಮುಂದಿನ ತಿಂಗಳಿಗೆ ಹೋಯಿತು. ಸೋದರತ್ತೆಯ ಒಂದು ದಿನದ ಕೂಲಿ ಹೋಯಿತು. ಸಂಘದಿಂದ ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತ ಕೇಳಿದಳು:

"ಅಷ್ಟೊತ್ತಿಗೆ ಬಳೆ ಎಷ್ಟು ಜೊತೆ ಅಂತ ಮರ್ತುಹೋದ್ರೆ?"

"ಮರ್ತೋಯ್ತು ಅಂತಲೇ ಹೇಳ್ರಿ."

"ಅಂಗಂದ್ರೆ ನಡೀತದಾ?"

"ನಡೀತದೆ" ಅಂದೆ. ಆಕೆ ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಬಸ್ಸು ಬಂತು.